ಜಾಕ್ಸನ್‌ಗೆ ಹೋಗೋಣ್ವಾ?

ಗುರುವಾರ

ಅಟ್ಲಾಂಟಾದಲ್ಲಿ ವಿಮಾನ ಬದಲಿಸಿ ಜಾಕ್ಸನ್‌ನಲ್ಲಿ ಇಳಿದಾಗ ಮಧ್ಯಾಹ್ನ ಆಗಿತ್ತು. ಸೆಪ್ಟೆಂಬರ್ ಕೊನೆ. ಕ್ಲೀವ್‌ಲ್ಯಾಂಡ್‌ನಲ್ಲಿ ಬೆಳಿಗ್ಗೆ ಮಕ್ಕಳಿಗೆ ಸ್ವೆಟರ್ ಹಾಕಿಸಿಕೊಂಡು ಹೊರಟಿದ್ದೆವು. ಇಲ್ಲಿ ಹೊರಬಾಗಿಲು ದಾಟುತ್ತಲೇ ಎಲ್ಲರೂ ಬೆವರತೊಡಗಿದೆವು. ಮಿಸಿಸಿಪ್ಪಿ ರಾಜ್ಯದ ರಾಜಧಾನಿ ಇದು. ವಿಮಾನ ನಿಲ್ದಾಣಕ್ಕೆ ಮೆಡ್ಗರ್ ಎವರ್ಸ್ ಹೆಸರಿದೆ. ಕಪ್ಪು ಜನರ ಹಕ್ಕಿಗಾಗಿ ಹೋರಾಡಿ, ಇದೇ ಊರಿನಲ್ಲಿ, ತನ್ನ ಮನೆ ಮುಂದೆಯೇ ಗುಂಡೇಟಿಗೆ ಬಲಿಯಾದವರು. ಊರಿನ ಹೆಚ್ಚಿನ ನೀರು ಬರುವ ಜಲಾಶಯಕ್ಕೆ ರಾಸ್ ಬಾರ್ನೆಟ್ ಹೆಸರು. 1962ರಲ್ಲಿ ಒಬ್ಬ ಕಪ್ಪು ವಿದ್ಯಾರ್ಥಿಯನ್ನು ವಿಶ್ವವಿದ್ಯಾಲಯದೊಳಗೆ ಬಿಡುವುದಿಲ್ಲ ಎಂದು ಪಟ್ಟು ಹಿಡಿದಿದ್ದ ಗವರ್ನರ್ ಅವರು. ಎರಡೂ ಹೆಸರು ಒಂದೇ ಊರಿನಲ್ಲಿವೆ.

ಯಾಕೆ ಬಂದೆವು ಅಂತ ಹೇಳಿಬಿಡುತ್ತೇನೆ. ನನ್ನ ಹೆಂಡತಿ ಕಿಡ್ನಿ ಡಾಕ್ಟರು. ಜೆ-1 ವೀಸಾದಲ್ಲಿ ತರಬೇತಿ ಮುಗಿಸುತ್ತಿದ್ದಾಳೆ. ಈ ವೀಸಾದಲ್ಲಿ ಬಂದ ಡಾಕ್ಟರುಗಳು ತರಬೇತಿ ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿಗೆ ವಾಪಸ್ ಹೋಗಿರಬೇಕು. ಇಲ್ಲವಾದರೆ ಡಾಕ್ಟರುಗಳ ಕೊರತೆ ಇರುವ ಕಡೆ ಮೂರು ವರ್ಷ ಕೆಲಸ ಮಾಡಿ ಆ ನಿಯಮದಿಂದ ಬಿಡುಗಡೆ ಪಡೆಯಬೇಕು. ಕಾನ್ರಾಡ್-30 ಅಂತಾರೆ. ಒಂದೊಂದು ರಾಜ್ಯಕ್ಕೂ ವರ್ಷಕ್ಕೆ 30 ಜಾಗ. ಹೊಸ ವರ್ಷದ ಲೆಕ್ಕ ಅಕ್ಟೋಬರ್ 1ಕ್ಕೆ ಶುರು. ಅಮೆರಿಕದ ಸಣ್ಣ ಸಣ್ಣ ಊರುಗಳಲ್ಲಿ ನಮ್ಮ ದಾವಣಗೆರೆ, ಮಂಗಳೂರು, ಹುಬ್ಬಳ್ಳಿಯ ಮೆಡಿಕಲ್ ಕಾಲೇಜುಗಳಲ್ಲಿ ಓದಿದ ಡಾಕ್ಟರುಗಳು ಸಿಗುವುದಕ್ಕೆ ಇದೇ ದೊಡ್ಡ ಕಾರಣ.

ಜಾಕ್ಸನ್‌ನ ಒಂದು ಆಸ್ಪತ್ರೆ ಅವಳನ್ನು ಕರೆದಿದೆ. ನನ್ನ ಕೆಲಸ ಹೇಗೂ ಲ್ಯಾಪ್‌ಟಾಪ್‌ನಲ್ಲಿ, ಎಲ್ಲಿ ಕೂತರೂ ನಡೆಯುತ್ತದೆ. ಮಗಳು ಎರಡನೇ ಕ್ಲಾಸು, ಮಗನಿಗೆ ನಾಲ್ಕು ವರ್ಷ. ಅವರಿಬ್ಬರನ್ನು ಕರೆದುಕೊಂಡು ಇಲ್ಲಿಗೆ ಬರಬಹುದಾ ಅನ್ನುವುದೇ ಪ್ರಶ್ನೆ. ಬಂದರೆ ಊರೊಳಗೆ ಇರಬೇಕಾ, ಹೊರಗಿನ ಬಡಾವಣೆಯಲ್ಲಿ ಇರಬೇಕಾ ಅನ್ನುವುದು ಅದರ ಹಿಂದಿನ ಪ್ರಶ್ನೆ. ಬರಬರುತ್ತಾ ಎರಡನೆಯದೇ ದೊಡ್ಡದಾಯಿತು.

ಪರ್ಲ್ ನದಿ ದಾಟಿ ಊರೊಳಗೆ ಬಂದೆವು. ಗುಂಡಿ ಬಿದ್ದ ರಸ್ತೆ ನಮಗೇನು ಹೊಸದಲ್ಲ. ಆದರೆ ರಾಜಧಾನಿಯ ನಡುಮಧ್ಯದ ಕ್ಯಾಪಿಟಲ್ ಸ್ಟ್ರೀಟ್‌ನಲ್ಲಿ ಸಂಜೆ ಐದೂವರೆಗೆ ನಡೆದಾಡುವ ಜನರೇ ಇಲ್ಲ ಅನ್ನುವುದು ಹೊಸದು. ರೈಲು ನಿಲ್ದಾಣದ ಹತ್ತಿರ ಕಿಂಗ್ ಎಡ್ವರ್ಡ್ ಹೋಟೆಲಿನ ಎತ್ತರದ ಕಟ್ಟಡ ಇದೆ. 1967ರಲ್ಲಿ ಮುಚ್ಚಿದ್ದು, ಮತ್ತೆ ಬಾಗಿಲು ತೆರೆದದ್ದು 2009ರಲ್ಲಿ. ಅಲ್ಲಿಯವರೆಗೆ ಊರಿನ ನಡುವೆ ಖಾಲಿ ನಿಂತಿತ್ತು.

1980ರ ಜನಗಣತಿಯಲ್ಲಿ ಇಲ್ಲಿ 2,02,895 ಜನ ಇದ್ದರು. 2020ರಲ್ಲಿ 1,53,701. ಎರಡು ಲಕ್ಷ ಜನರಿಗೆ ಹಾಕಿದ ಪೈಪು, ರಸ್ತೆ, ಚರಂಡಿ ಹಾಗೇ ಇವೆ. ಅವುಗಳ ಖರ್ಚು ಹೊರುವವರು ಕಾಲು ಭಾಗ ಕಡಿಮೆ. ಈ ಊರಿನ ಕಷ್ಟದ ಹೆಚ್ಚಿನ ಭಾಗ ಈ ಲೆಕ್ಕದಲ್ಲೇ ಇದೆ.

ರಾತ್ರಿ ಹೋಟೆಲ್ ರೂಮಿನಲ್ಲಿ ಮಗ ನಲ್ಲಿ ತಿರುಗಿಸಿ ಬಾಯಿ ಒಡ್ಡಿದ. ಈ ಊರಿನ ನಲ್ಲಿ ನೀರು ನಂಬುವ ಹಾಗಿಲ್ಲ ಅಂತ ಕೇಳಿದ್ದ ನಾವಿಬ್ಬರೂ ಒಟ್ಟಿಗೇ ಓಡಿ ಹೋಗಿ ತಡೆದೆವು.

ಶುಕ್ರವಾರ

ಹೆಂಡತಿ ಏಳು ಗಂಟೆಗೇ ಆಸ್ಪತ್ರೆಗೆ ಹೋದಳು. ನಾನು ಮಕ್ಕಳನ್ನು ಕಟ್ಟಿಕೊಂಡು ಶಾಲೆ ನೋಡಲು ಹೊರಟೆ.

ಮಿಸಿಸಿಪ್ಪಿ ಶಾಲೆಗಳು ಅಂದರೆ ಅಮೆರಿಕದಲ್ಲಿ ಮೂಗು ಮುರಿಯುವವರೇ ಜಾಸ್ತಿ. ಅದು ಹಳೇ ಮಾತು. 2013ರಲ್ಲಿ ಇಲ್ಲಿ ಒಂದು ಕಾನೂನು ಬಂತು. ಮೂರನೇ ಕ್ಲಾಸಿನ ಕೊನೆಯಲ್ಲಿ ಓದುವ ಪರೀಕ್ಷೆ ಪಾಸಾಗದಿದ್ದರೆ ಮಗು ನಾಲ್ಕಕ್ಕೆ ಹೋಗುವ ಹಾಗಿಲ್ಲ. ಪರೀಕ್ಷೆ ಇಟ್ಟು ಸುಮ್ಮನೆ ಕೂರಲಿಲ್ಲ. ಅಕ್ಷರ ಮತ್ತು ಉಚ್ಚಾರಣೆಯಿಂದ ಓದು ಕಲಿಸುವುದು ಹೇಗೆ ಅಂತ ಟೀಚರುಗಳಿಗೇ ಮತ್ತೆ ತರಬೇತಿ ಕೊಟ್ಟರು. ಹಿಂದೆ ಬಿದ್ದ ಶಾಲೆಗಳಿಗೆ ಓದು ಕಲಿಸುವುದರಲ್ಲಿ ಪಳಗಿದವರನ್ನು ಕಳಿಸಿದರು. ನಾಲ್ಕನೇ ಕ್ಲಾಸಿನ ಮಕ್ಕಳ ಓದಿನಲ್ಲಿ 2013ರಲ್ಲಿ 49ನೇ ಸ್ಥಾನದಲ್ಲಿದ್ದ ರಾಜ್ಯ 2024ರ ರಾಷ್ಟ್ರೀಯ ಪರೀಕ್ಷೆಯಲ್ಲಿ ಮೊದಲ ಹತ್ತರೊಳಗೆ ಬಂತು. ದೇಶದ ಅತಿ ಬಡ ರಾಜ್ಯ ಮಾಡಿದ ಕೆಲಸ ಇದು. ಯಾಕೋ ಈ ಸುದ್ದಿಗೆ ಸಿಗಬೇಕಾದಷ್ಟು ಗೌರವ ಸಿಕ್ಕಿಲ್ಲ.

ಜಾಕ್ಸನ್ ನಗರದ ಸರ್ಕಾರಿ ಶಾಲೆಗಳ ಕಥೆ ಇಷ್ಟು ಸಲೀಸಿಲ್ಲ. 2017ರಲ್ಲಿ ರಾಜ್ಯವೇ ಇವನ್ನು ವಶಕ್ಕೆ ತೆಗೆದುಕೊಳ್ಳುವ ಹಂತಕ್ಕೆ ಹೋಗಿತ್ತು. ಆಮೇಲೆ ಅದು ತಪ್ಪಿತು. ನಾವು ಹೋದದ್ದು ಐಬಿ ಎಂಬ ಅಂತರರಾಷ್ಟ್ರೀಯ ಪಾಠಕ್ರಮದ ಒಂದು ಮ್ಯಾಗ್ನೆಟ್ ಶಾಲೆಗೆ, ಅಂದರೆ ವಿಶೇಷ ಪಾಠಕ್ರಮ ಇರುವ ಸರ್ಕಾರಿ ಶಾಲೆಗೆ. ಅರ್ಜಿ ಹಾಕಿ ಸೇರಬೇಕು. ಕಾರಿಡಾರಿನಲ್ಲಿ ಕುಡಿಯುವ ನೀರಿನ ನಲ್ಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿತ್ತು. ಪಕ್ಕದಲ್ಲೇ ದೊಡ್ಡ ನೀರಿನ ಕ್ಯಾನ್ ಇಟ್ಟ ಸ್ಟ್ಯಾಂಡ್. ನಾನು ಅದನ್ನೇ ನೋಡುತ್ತಿದ್ದೆ ಅಂತ ಪ್ರಿನ್ಸಿಪಾಲರಿಗೆ ಗೊತ್ತಾಯಿತು. "ಈಗ ನೀರು ಸರಿ ಇದೆ. ಆದರೂ ತಂದೆ ತಾಯಿ ನಂಬುವವರೆಗೆ ಕ್ಯಾನ್ ತೆಗೆಯುವುದಿಲ್ಲ" ಎಂದರು. ಎರಡನೇ ಕ್ಲಾಸಿನಲ್ಲಿ ಮಗಳನ್ನು ಅರ್ಧ ಗಂಟೆ ಕೂರಿಸಿಕೊಂಡರು. ಕ್ಲಾಸಿನಲ್ಲಿ ಬಹುತೇಕ ಎಲ್ಲರೂ ಕಪ್ಪು ಮಕ್ಕಳು. ಹೊರಬಂದವಳು ಹೇಳಿದ್ದು ಒಂದೇ ಮಾತು: "ಅಪ್ಪ, ಇಲ್ಲಿ ಟೀಚರ್ ಜೋರಾಗಿ ಓದಿಸ್ತಾರೆ."

ಮಧ್ಯಾಹ್ನ ವಿಜ್ಞಾನ ಮ್ಯೂಸಿಯಂ. ಜಾಕ್ಸನ್‌ನ ಕೆಳಗೆ ಸುಮಾರು 2,900 ಅಡಿ ಆಳದಲ್ಲಿ ಸತ್ತುಹೋದ ಜ್ವಾಲಾಮುಖಿ ಇದೆ. ಮಗನಿಗೆ ಆ ಕ್ಷಣದಿಂದ ಈ ಊರು ಜಗತ್ತಿನ ಅತ್ಯುತ್ತಮ ಊರು.

ಸಂಜೆ ಹೆಂಡತಿ ಬಂದಾಗ ಸುಸ್ತಾಗಿದ್ದಳು, ಆದರೆ ಮುಖದಲ್ಲಿ ಕಳೆ ಇತ್ತು. ಸಂಬಳ, ರಜೆಯ ಮಾತನ್ನು ಎರಡು ನಿಮಿಷದಲ್ಲಿ ಮುಗಿಸಿದಳು. ಅವಳು ಅಲ್ಲಿ ಕೇಳಿದ ಮುಖ್ಯ ಪ್ರಶ್ನೆ ಬೇರೆಯೇ ಇತ್ತು: ನೀರು ನಿಂತಾಗ ಡಯಾಲಿಸಿಸ್ ಹೇಗೆ ಮಾಡಿದಿರಿ?

ನನಗೆ ಈ ಪ್ರಶ್ನೆ ಹೊಳೆದಿರಲೇ ಇಲ್ಲ. ಡಯಾಲಿಸಿಸ್ ಯಂತ್ರಕ್ಕೆ ನಿಮಿಷಕ್ಕೆ ಅರ್ಧ ಲೀಟರ್ ಶುದ್ಧ ದ್ರಾವಣ ಹರಿಯುತ್ತಿರಬೇಕು. ನಾಲ್ಕು ಗಂಟೆಗೆ 120 ಲೀಟರ್. ಒಬ್ಬ ರೋಗಿಗೆ, ಒಂದು ಸಲಕ್ಕೆ. ವಾರಕ್ಕೆ ಮೂರು ಸಲ. ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಹೆಚ್ಚಿರುವ ರಾಜ್ಯ ಇದು. ಕಿಡ್ನಿ ಕೆಟ್ಟವರ ಸಂಖ್ಯೆಯೂ ಹಾಗೆಯೇ.

2022ರ ಆಗಸ್ಟ್ ಕೊನೆಯಲ್ಲಿ ಜೋರು ಮಳೆಯಾಗಿ ಪರ್ಲ್ ನದಿ ಉಕ್ಕಿತು. ಮೊದಲೇ ಕುಂಟುತ್ತಿದ್ದ ಓ.ಬಿ. ಕರ್ಟಿಸ್ ನೀರು ಶುದ್ಧೀಕರಣ ಘಟಕ ಕೈಕೊಟ್ಟಿತು. ಒಂದೂವರೆ ಲಕ್ಷ ಜನರ ಮನೆಗಳಲ್ಲಿ ಕುಡಿಯಲು ಇರಲಿ, ಫ್ಲಶ್ ಮಾಡಲೂ ನೀರಿಲ್ಲ. ಸೈನಿಕರು ರಸ್ತೆ ಬದಿ ನಿಂತು ಬಾಟಲಿ ಹಂಚಿದರು. ನೀರು ಕುದಿಸಿ ಕುಡಿಯಿರಿ ಅನ್ನುವ ಸೂಚನೆ ಜುಲೈ ಕೊನೆಯಿಂದಲೇ ಇತ್ತು. ಅದು ತೆರವಾದದ್ದು ಸೆಪ್ಟೆಂಬರ್ 15ಕ್ಕೆ. ಅದಕ್ಕೂ ಮುಂಚೆ 2021ರ ಫೆಬ್ರುವರಿಯ ಹಿಮಗಾಳಿಗೆ ಪೈಪುಗಳು ಒಡೆದು ಕೆಲವು ಬಡಾವಣೆಗಳಲ್ಲಿ ವಾರಗಟ್ಟಲೆ ನೀರಿರಲಿಲ್ಲ.

"ಟ್ಯಾಂಕರ್ ತರಿಸಿದ್ರಂತೆ. ಆಗದೇ ಇದ್ದವರನ್ನ ಬೇರೆ ಊರಿನ ಸೆಂಟರ್‌ಗಳಿಗೆ ಕಳಿಸಿದ್ರಂತೆ" ಅಂದಳು. "ಒಬ್ಬ ನರ್ಸ್ ತನ್ನ ಕಾರಲ್ಲೇ ಇಬ್ಬರು ಅಜ್ಜಿಯರನ್ನ ಕರ್ಕೊಂಡು ಹೋಗಿ ಬಂದಿದ್ಲು. ರೀ, ಕ್ಲೀವ್‌ಲ್ಯಾಂಡಲ್ಲಿ ನಾನಿಲ್ಲ ಅಂದ್ರೆ ಇನ್ನು ಹತ್ತು ಜನ ಇದ್ದಾರೆ. ಇಲ್ಲಿ ಹೊಸ ರೋಗಿಗೆ ಅಪಾಯಿಂಟ್‌ಮೆಂಟ್ ಸಿಗೋಕೆ ತಿಂಗಳುಗಟ್ಟಲೆ ಕಾಯ್ಬೇಕು."

ನಾನು ಏನೂ ಹೇಳಲಿಲ್ಲ. ಮಗ ಕುಡಿದು ಮುಗಿಸಿದ ಖಾಲಿ ಬಾಟಲಿಗಳು ಟೇಬಲ್ ಮೇಲೆ ಸಾಲಾಗಿ ನಿಂತಿದ್ದವು.

ಶನಿವಾರ

ಬೆಳಿಗ್ಗೆ ಎವರ್ಸ್ ಅವರ ಮನೆಗೆ ಹೋದೆವು. ಈಗ ಅದು ರಾಷ್ಟ್ರೀಯ ಸ್ಮಾರಕ. ಮಾಮೂಲಿ ಮಧ್ಯಮ ವರ್ಗದ ಬೀದಿ, ಒಂದಂತಸ್ತಿನ ಪುಟ್ಟ ಮನೆ. ಸುತ್ತಲಿನ ಮನೆಗಳಿಗೆಲ್ಲ ಮುಂಬಾಗಿಲಿದೆ, ಇದಕ್ಕಿಲ್ಲ. ಕಾರು ನಿಲ್ಲಿಸುವ ಶೆಡ್ಡಿನ ಪಕ್ಕದಿಂದ ಒಳಗೆ ಹೋಗಬೇಕು. ರಸ್ತೆಯಿಂದ ಗುರಿ ಇಡುವವರಿಗೆ ಸುಲಭ ಆಗಬಾರದು ಅಂತ ಹಾಗೆ ಮಾಡಿದ್ದು. ಮಕ್ಕಳ ರೂಮಿನಲ್ಲಿ ಹಾಸಿಗೆಗಳು ನೆಲಕ್ಕೆ ಹತ್ತಿಕೊಂಡಂತಿವೆ. ಕಿಟಕಿಯ ಮಟ್ಟಕ್ಕಿಂತ ಕೆಳಗೆ ಮಲಗಲಿ ಅಂತ. ಸದ್ದು ಕೇಳಿದರೆ ನೆಲಕ್ಕೆ ಬೀಳಬೇಕು, ತೆವಳಿಕೊಂಡು ಬಚ್ಚಲಿಗೆ ಹೋಗಿ ಟಬ್ಬಿನೊಳಗೆ ಅಡಗಬೇಕು ಅಂತ ಮಕ್ಕಳಿಗೆ ಅಭ್ಯಾಸ ಮಾಡಿಸಿದ್ದರು. ಆಗ ಕಿರಿಯವನಿಗೆ ಮೂರು ವರ್ಷ.

1963ರ ಜೂನ್ 11ರ ರಾತ್ರಿ ಅಧ್ಯಕ್ಷ ಕೆನಡಿ ಟಿ.ವಿ.ಯಲ್ಲಿ ನಾಗರಿಕ ಹಕ್ಕುಗಳ ಬಗ್ಗೆ ಮಾತಾಡಿದರು. ಹೆಂಡತಿ ಮಕ್ಕಳು ಅದನ್ನು ನೋಡಿ, ಅಪ್ಪ ಬರಲಿ ಅಂತ ಎದ್ದೇ ಇದ್ದರು. ಮಧ್ಯರಾತ್ರಿ ದಾಟಿದ ಮೇಲೆ ಎವರ್ಸ್ ಕಾರಿಂದ ಇಳಿದರು. ಬೆನ್ನಿಗೆ ಬಿದ್ದ ಗುಂಡು ಎದೆಯಿಂದ ಹೊರಬಂದು, ಕಿಟಕಿ ಒಡೆದು, ಗೋಡೆ ತೂರಿ, ಅಡುಗೆಮನೆಯ ಫ್ರಿಜ್ಜಿಗೆ ಬಡಿಯಿತು. ಕೊಂದವನಿಗೆ ಶಿಕ್ಷೆಯಾದದ್ದು 1994ರಲ್ಲಿ.

ಹೆಂಡತಿ ಮೆಲ್ಲಗೆ ಇನ್ನೊಂದು ಸಂಗತಿ ಹೇಳಿದಳು. ಎವರ್ಸ್ ಅವರನ್ನು ಕರೆದೊಯ್ದದ್ದು ಇಲ್ಲಿನ ವಿಶ್ವವಿದ್ಯಾಲಯದ ಆಸ್ಪತ್ರೆಗೆ. ಡಾ. ಜೇಮ್ಸ್ ಹಾರ್ಡಿ ಅವರ ತಂಡ ಮನುಷ್ಯನಿಗೆ ಜಗತ್ತಿನ ಮೊದಲ ಶ್ವಾಸಕೋಶ ಕಸಿ ಮಾಡಿದ್ದು ಅದೇ ಆಸ್ಪತ್ರೆಯಲ್ಲಿ, ಅದೇ ಜೂನ್ 11ರಂದು. ಅವಳು ವೈದ್ಯಕೀಯ ಓದುವಾಗ ಹಾರ್ಡಿ ಹೆಸರು ಓದಿದ್ದಳು. ಎವರ್ಸ್ ಹೆಸರು ಆ ಪುಸ್ತಕದಲ್ಲಿ ಇರಲಿಲ್ಲ.

ಮಗಳು ನೆಲದ ಹಾಸಿಗೆಯನ್ನೇ ನೋಡುತ್ತಾ, "ಈಗ ಇಲ್ಲಿ ಹಾಗೆ ಮಲಗ್ಬೇಕಾ?" ಅಂದಳು. ಇಲ್ಲ ಪುಟ್ಟ ಅಂದೆ. ಹೇಳುವಾಗ ನನಗೇ ಕಷ್ಟ ಆಯಿತು. 2021ರಲ್ಲಿ ಈ ಊರಿನಲ್ಲಿ 150ಕ್ಕೂ ಹೆಚ್ಚು ಕೊಲೆಗಳಾಗಿದ್ದವು. ಜನಸಂಖ್ಯೆಗೆ ಹೋಲಿಸಿದರೆ ದೇಶದಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. ನಂತರದ ವರ್ಷಗಳಲ್ಲಿ ಸಂಖ್ಯೆ ಇಳಿದಿದೆ. ನಗರದ ಒಂದು ಭಾಗದಲ್ಲಿ ಈಗ ರಾಜ್ಯ ಸರ್ಕಾರದ ಕ್ಯಾಪಿಟಲ್ ಪೊಲೀಸರೂ ಗಸ್ತು ತಿರುಗುತ್ತಾರೆ. ಇವರು ನಾವು ಆರಿಸಿದ ಪೊಲೀಸರಲ್ಲ, ನಮ್ಮ ಮೇಲೆ ಹೇರಿದವರು ಅಂತ ಊರಿನ ಎಷ್ಟೋ ಜನರಿಗೆ ಅದರ ಬಗ್ಗೆ ಸಿಟ್ಟಿದೆ. ಅವರ ಸಿಟ್ಟು ಅರ್ಥ ಆಗುತ್ತದೆ. ಗಸ್ತು ಇರುವ ಬೀದಿಯಲ್ಲಿ ಮನೆ ಹುಡುಕಿದವನೂ ನಾನೇ.

ಆ ಮನೆ ಇರುವುದು ಬೆಲ್‌ಹೇವನ್‌ನಲ್ಲಿ. ದೊಡ್ಡ ಓಕ್ ಮರಗಳ ಹಳೇ ಬಡಾವಣೆ. ಆಸ್ಪತ್ರೆಗೆ ಕಾರಿನಲ್ಲಿ ಹತ್ತು ನಿಮಿಷ ಕೂಡ ಬೇಡ. ಮನೆಯೊಡತಿ ನಿವೃತ್ತ ಟೀಚರ್, ಕಪ್ಪು ಜನಾಂಗದವರು, ಅರವತ್ತೇಳು ವರ್ಷ. ಮನೆ ತೋರಿಸುವ ಮುಂಚೆ ಎಲ್ಲರಿಗೂ ತಣ್ಣನೆಯ ಟೀ ಕೊಟ್ಟರು. ಸಕ್ಕರೆ ಹೇಗಿತ್ತೆಂದರೆ ನಮ್ಮ ಕಿಡ್ನಿ ಡಾಕ್ಟರು ಒಂದೇ ಗುಟುಕು ಕುಡಿದು ಲೋಟ ನನ್ನ ಕೈಗಿಟ್ಟಳು.

ಅವರು ಮನೆಯ ಒಳ್ಳೆಯದನ್ನು ಮೊದಲು ತೋರಿಸಲಿಲ್ಲ, ಬಿರುಕನ್ನು ತೋರಿಸಿದರು. ಹಾಲ್‌ನ ಗೋಡೆಯಲ್ಲಿ ಬಾಗಿಲ ಮೂಲೆಯಿಂದ ಸೂರಿನ ಕಡೆಗೆ ಓರೆಯಾಗಿ ಹತ್ತಿದ ಬಿರುಕು. ಅದರ ತುದಿಯಲ್ಲಿ ಪೆನ್ಸಿಲಿನಿಂದ ಒಂದು ಗೀಟು, ಪಕ್ಕದಲ್ಲಿ ತಿಂಗಳು, ವರ್ಷ. ಸ್ವಲ್ಪ ಮೇಲೆ ಇನ್ನೊಂದು ಗೀಟು, ಇನ್ನೊಂದು ತಾರೀಕು. ಹೀಗೆ ಆರೋ ಏಳೋ ಗೀಟುಗಳು. ಕೊನೆಯ ಎರಡರ ನಡುವೆ ಬೆರಳಿನ ಅಗಲವೂ ಇರಲಿಲ್ಲ. ಅಡಿಪಾಯಕ್ಕೆ ಜ್ಯಾಕ್ ಕೊಟ್ಟು ಎತ್ತಿಸಿದ ಮೇಲೆ ಅದರ ಬೆಳವಣಿಗೆ ನಿಂತಿದೆಯಂತೆ. ಮಲಗುವ ಕೋಣೆಯ ಬಾಗಿಲು ಮಳೆಗಾಲದಲ್ಲಿ ಹಾಕಿಕೊಳ್ಳುವುದಿಲ್ಲ, ಬೇಸಿಗೆಯಲ್ಲಿ ತಾನಾಗಿ ತೆರೆದುಕೊಳ್ಳುತ್ತದೆ ಅಂತಲೂ ಹೇಳಿದರು.

ಇಲ್ಲಿನ ನೆಲ ಯಾಜೂ ಜೇಡಿಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ನಾನು ಗದಗದ ಕಡೆಯವನು. ಎರೆಮಣ್ಣಿನ ಹೊಲದಲ್ಲಿ ಬೇಸಿಗೆಯಲ್ಲಿ ಕಾಲು ಸಿಕ್ಕಿಹಾಕಿಕೊಳ್ಳುವಷ್ಟು ಬಿರುಕು ಬಿಡುವುದನ್ನು ನೋಡುತ್ತಾ ಬೆಳೆದವನು. ನಮ್ಮ ಊರಿನ ಮನೆ ಗೋಡೆಗಳಲ್ಲೂ ಇದೇ ಓರೆ ಬಿರುಕು. ಉಬ್ಬಿ ಕುಗ್ಗುವ ಜಾತಿಯ ಮಣ್ಣು ಎರಡೂ ಕಡೆ ಒಂದೇ. ಈ ಮಣ್ಣೇ ಮನೆಗಳನ್ನು ಎಳೆದಾಡುವ ಹಾಗೆ ನೆಲದಡಿಯ ಪೈಪುಗಳನ್ನೂ ಎಳೆದಾಡುತ್ತದೆ. ನೂರು ವರ್ಷ ದಾಟಿದ ಎರಕದ ಕಬ್ಬಿಣದ ಪೈಪು ಎಷ್ಟು ದಿನ ತಡೆದೀತು? ಮುಚ್ಚಿಹೋದ ಒಂದು ಗಾಲ್ಫ್ ಕ್ಲಬ್ಬಿನ ಜಾಗದಲ್ಲಿ ವರ್ಷಗಟ್ಟಲೆ ದಿನಕ್ಕೆ ಸುಮಾರು 50 ಲಕ್ಷ ಗ್ಯಾಲನ್ ನೀರು ಸೋರಿ ಹೋಗುತ್ತಿತ್ತು. ಅದನ್ನು ಸರಿ ಮಾಡಿದ್ದು ಹೊಸ ವ್ಯವಸ್ಥೆ ಬಂದ ಮೇಲೆ. 2022ರ ನವೆಂಬರಿನಲ್ಲಿ ಫೆಡರಲ್ ನ್ಯಾಯಾಲಯ ಟೆಡ್ ಹೆನಿಫಿನ್ ಎಂಬ ಎಂಜಿನಿಯರ್ ಕೈಗೆ ನೀರಿನ ವ್ಯವಸ್ಥೆ ಒಪ್ಪಿಸಿತು. ಮರು ತಿಂಗಳೇ ಸಂಸತ್ತು 60 ಕೋಟಿ ಡಾಲರ್ ಕೊಟ್ಟಿತು. ಒತ್ತಡ ಸುಧಾರಿಸಿದೆ. ಬಿಲ್ಲಿನ ಬಗ್ಗೆ ಜಗಳ ನಡೆದೇ ಇದೆ.

ಅಡುಗೆಮನೆಯ ಸಿಂಕಿನ ಕೆಳಗೆ ಸೀಸ ತಡೆಯುವ ಫಿಲ್ಟರ್ ಇತ್ತು. 2016ರಲ್ಲೇ ಸೀಸದ ಬಗ್ಗೆ ಇಲ್ಲಿ ಎಚ್ಚರಿಕೆ ಬಂದಿತ್ತು, ಮುಖ್ಯವಾಗಿ ಐದು ವರ್ಷದೊಳಗಿನ ಮಕ್ಕಳಿರುವ ಮನೆಗಳಿಗೆ. ಪಕ್ಕದ ಕಪಾಟಿನಲ್ಲಿ ತುಂಬಿದ ಕ್ಯಾನ್‌ಗಳು. "ಈಗ ಬೇಕಾಗಲ್ಲ. ಆದರೂ ಇಟ್ಟಿರ್ತೀನಿ" ಅಂದರು.

ಅವರ ಕಥೆ ಕೇಳಿದೆ. 1969ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಮಿಸಿಸಿಪ್ಪಿಯ ಶಾಲೆಗಳಲ್ಲಿ ಕಪ್ಪು ಬಿಳಿ ಬೇರ್ಪಡಿಕೆ ಈ ಕೂಡಲೇ ನಿಲ್ಲಬೇಕು ಎಂದಿತು. ಆಗ ಅವರು ಆರನೇ ಕ್ಲಾಸು. 1970ರಲ್ಲಿ ಹೊಸ ಶಾಲೆಗೆ ಹೋದರು. ಮೊದಲ ದಿನ ಕ್ಲಾಸಿನಲ್ಲಿ ಇದ್ದ ಬಿಳಿ ಮಕ್ಕಳು ವಾರ ವಾರಕ್ಕೂ ಕಡಿಮೆಯಾಗುತ್ತಾ ಹೋದರು. ಅವರಿಗಾಗಿಯೇ ಖಾಸಗಿ ಶಾಲೆಗಳು ತಲೆ ಎತ್ತಿದವು. ಆಮೇಲೆ ಮನೆಗಳೂ ಊರಿನಿಂದ ಹೊರಗೆ ಹೋದವು. ಅವರ ಹಿಂದೆ ಅಂಗಡಿಗಳು. ಅದರ ಹಿಂದೆ ಕೈಲಿ ಕಾಸು ಬಂದ ಕಪ್ಪು ಕುಟುಂಬಗಳು ಕೂಡ. ಈಗ ನಗರದಲ್ಲಿ ನೂರರಲ್ಲಿ ಎಂಬತ್ತು ಜನ ಕಪ್ಪು ಜನಾಂಗದವರು.

"ನನ್ನ ಮಗನೂ ಮ್ಯಾಡಿಸನ್‌ನಲ್ಲೇ ಇದ್ದಾನೆ. ಅವನನ್ನ ಬೈಯಲ್ಲ, ಮಕ್ಕಳಿದ್ದಾವೆ" ಎಂದರು. ಹಾಗೆ ಹೋದವರು ನೆಲೆಸಿದ ಹೊರಗಿನ ಊರುಗಳಲ್ಲಿ ಮ್ಯಾಡಿಸನ್ ಒಂದು. ನಮ್ಮನ್ನು ಇರಿ ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಬಾಡಿಗೆ ಎಷ್ಟು ಅಂತ ಹೇಳಿದರು.

ಭಾನುವಾರ

ಬೆಳಿಗ್ಗೆ ಊರಿನ ಉತ್ತರದ ಅಂಚಿಗೆ, ಟೂಗಲೂ ಕಾಲೇಜಿಗೆ. ಇದಕ್ಕೆ ಕಾರಣ ನಮ್ಮ ಮಾವ. ಸಾಗರದವರು. ಅವರ ಅಪ್ಪ ಗೇಣಿ ರೈತರು. 1951ರ ಕಾಗೋಡು ಸತ್ಯಾಗ್ರಹದ ಕಥೆ ಕೇಳದೆ ಆ ಮನೆಯಲ್ಲಿ ಊಟ ಮುಗಿಯುವುದಿಲ್ಲ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದದ್ದು ಅವರ ಪಾಲಿಗೆ ಮನೆಯ ಸುದ್ದಿ. ಜಾಕ್ಸನ್ ಹೆಸರು ಹೇಳಿದ ದಿನವೇ ಅವರು ಫೋನಿನಲ್ಲಿ, "ಅಳಿಯಂದ್ರೇ, ಅದು ಲೋಹಿಯಾ ಅರೆಸ್ಟ್ ಆದ ಊರಲ್ವಾ?" ಎಂದಿದ್ದರು.

ಹೌದು. 1964ರ ಮೇ ತಿಂಗಳಲ್ಲಿ ಲೋಹಿಯಾ ಟೂಗಲೂ ಕಾಲೇಜಿಗೆ ಬಂದಿದ್ದರು. ಕಪ್ಪು ವಿದ್ಯಾರ್ಥಿಗಳ ಕಾಲೇಜು ಇದು. 1961ರಲ್ಲಿ ಬಿಳಿಯರಿಗೆ ಮಾತ್ರ ಇದ್ದ ಗ್ರಂಥಾಲಯಕ್ಕೆ ಹೋಗಿ ಕೂತು ಓದಿದ್ದಕ್ಕೆ ಜೈಲು ಸೇರಿದ ಒಂಬತ್ತು ವಿದ್ಯಾರ್ಥಿಗಳು ಇಲ್ಲಿಯವರೇ. ಮೇ 27ರಂದು ಜಾಕ್ಸನ್‌ನ ಒಂದು ಬಿಳಿಯರ ಕೆಫೆಟೇರಿಯಾ ಲೋಹಿಯಾ ಅವರನ್ನು ಒಳಗೆ ಬಿಡಲಿಲ್ಲ. ನಾಳೆ ಮತ್ತೆ ಬರುತ್ತೇನೆ ಅಂತ ತಿಳಿಸಿ, 28ರಂದು ಪಂಚೆ ಉಟ್ಟು ಮತ್ತೆ ಹೋದರು. ಪೊಲೀಸರು ಹಿಡಿದರು. ಅಮೆರಿಕ ಸರ್ಕಾರ ಕ್ಷಮೆ ಕೇಳಿತು. ಬಣ್ಣದ ಆಧಾರದಲ್ಲಿ ಹೀಗೆ ಬಾಗಿಲು ಹಾಕುವುದನ್ನು ನಿಷೇಧಿಸಿದ ಕಾನೂನಿಗೆ ಸಹಿ ಬಿದ್ದದ್ದು ಆಮೇಲೆ ಜುಲೈ 2ರಂದು.

ಕಾಲೇಜಿನ ಅಂಗಳದಲ್ಲಿ ನಿಂತು ಮಾವನಿಗೆ ವಿಡಿಯೊ ಕಾಲ್ ಮಾಡಿದೆವು. ಮರದ ಕೊಂಬೆಗಳಿಂದ ಜೋತುಬಿದ್ದ ಬೂದು ಬಣ್ಣದ ಪಾಚಿ, ಹಳೇ ಚರ್ಚು ಎಲ್ಲ ತೋರಿಸಿದೆ. ಅವರು ತುಂಬ ಹೊತ್ತು ನೋಡಿದರು. "ಅವರು ಹಸಿವಾಗಿ ಅಲ್ಲಿಗೆ ಹೋಗಿದ್ದಲ್ಲ" ಎಂದರು. ಅಷ್ಟರಲ್ಲಿ ಅತ್ತೆ ಫೋನ್ ಕಿತ್ತುಕೊಂಡರು. "ಹಿಂದೆ ಹೆಣ್ಣು ಕೊಡೋ ಮುಂಚೆ ಊರಲ್ಲಿ ನೀರಿದ್ಯಾ ಅಂತ ನೋಡ್ತಿದ್ರು. ನೀವು ನೀರಿಲ್ಲದ ಊರಿಗೆ ಮಕ್ಕಳನ್ನ ಕರ್ಕೊಂಡು ಹೋಗ್ತೀರಾ?" ಲೋಹಿಯಾ ಮಾತು ಅಲ್ಲಿಗೆ ನಿಂತಿತು. ಇಬ್ಬರ ಮಾತೂ ನನ್ನ ತಲೆಯಲ್ಲಿ ಒಟ್ಟಿಗೇ ಉಳಿಯಿತು.

ಮಧ್ಯಾಹ್ನದ ಊಟ ಮ್ಯಾಡಿಸನ್‌ನಲ್ಲಿ. ಹಾಸನದ ಕಡೆಯ ಡಾಕ್ಟರ್ ದಂಪತಿ, ಇಲ್ಲಿಗೆ ಬಂದು ಇಪ್ಪತ್ತೈದು ವರ್ಷದ ಮೇಲಾಯಿತು. ಜಾಕ್ಸನ್‌ನಿಂದ ಅರ್ಧ ಗಂಟೆ ಕೂಡ ದೂರ ಇಲ್ಲ, ಆದರೆ ರಸ್ತೆಯಲ್ಲಿ ಒಂದು ಗುಂಡಿ ಇಲ್ಲ. ಆ ಮನೆಯ ಅಕ್ಕ ಅಕ್ಕಿ ರೊಟ್ಟಿ, ಎಣ್ಣೆಗಾಯಿ ಮಾಡಿದ್ದರು. ಬೇಳೆ, ಹುಣಸೆಹಣ್ಣು ಪಕ್ಕದ ರಿಜ್‌ಲ್ಯಾಂಡ್‌ನಲ್ಲೇ ಸಿಗುತ್ತದೆ ಎಂದರು. ದಿನಸಿಗೂ ಇಲ್ಲಿ ತೆರಿಗೆ ಇದೆ. 7 ಪರ್ಸೆಂಟ್ ಇದ್ದದ್ದು 2025ರ ಜುಲೈನಿಂದ 5 ಆಗಿದೆ. ನಾವಿರುವ ಒಹಾಯೊ ರಾಜ್ಯದಲ್ಲಿ ಅದಿಲ್ಲ.

ಅಕ್ಕ ನೇರ ಮಾತಿನವರು. "ನೋಡಿ, ನಿಮ್ಮ ಮನಸ್ಸು ಒಳ್ಳೇದು. ಆದ್ರೆ ಮಕ್ಕಳು ಯಾಕೆ ಅದರ ಬೆಲೆ ಕೊಡ್ಬೇಕು? ಇಲ್ಲಿಂದ್ಲೇ ಹೋಗಿ ಕೆಲಸ ಮಾಡಿ ಬರ್ಲಿ. ರೋಗಿಗಳಿಗೆ ಡಾಕ್ಟ್ರು ಎಲ್ಲಿ ಮಲಗ್ತಾರೆ ಅನ್ನೋದು ಮುಖ್ಯ ಅಲ್ಲ." ಈ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಅವರ ಮಕ್ಕಳು ಇಲ್ಲಿನ ಶಾಲೆಯಲ್ಲೇ ಓದಿ ಒಳ್ಳೆಯ ಕಾಲೇಜುಗಳಿಗೆ ಹೋಗಿದ್ದಾರೆ. 2022ರಲ್ಲಿ ನೀರು ಹೋದಾಗ ಜಾಕ್ಸನ್‌ನಲ್ಲಿದ್ದ ಸಹೋದ್ಯೋಗಿಗಳು ಮಕ್ಕಳ ಸಮೇತ ಇವರ ಮನೆಗೆ ಬಂದು ಸ್ನಾನ ಮಾಡಿ, ಬಟ್ಟೆ ಒಗೆದುಕೊಂಡು ಹೋಗುತ್ತಿದ್ದರಂತೆ. ಅಕ್ಕ ಗ್ಯಾರೇಜಿನಲ್ಲಿ ಡ್ರಮ್ ತುಂಬಿಸಿ ಇಟ್ಟು, ತಾವೇ ಕಾರಿನಲ್ಲಿ ಒಯ್ದು ಕೊಟ್ಟಿದ್ದರು. ಊರಿನ ಬಗ್ಗೆ ಕಾಳಜಿ ಇಲ್ಲದವರಲ್ಲ ಇವರು.

ಸಂಜೆ ಅವರ ಜೊತೆಯೇ ಬ್ರಾಂಡನ್‌ನ ಹಿಂದೂ ದೇವಸ್ಥಾನಕ್ಕೆ. ನವರಾತ್ರಿ. ಗುಜರಾತಿಗಳು, ತೆಲುಗರು, ತಮಿಳರು, ಕನ್ನಡದವರು. ಮಗಳಿಗೆ ಅರ್ಧ ಗಂಟೆಯಲ್ಲಿ ಗೆಳತಿಯರು ಸಿಕ್ಕರು. ಮಾತಾಡಿಸಿದ ಪ್ರತಿಯೊಬ್ಬರೂ ಕೇಳಿದ್ದು ಎಲ್ಲಿ ಮನೆ ಮಾಡ್ತೀರಿ ಅಂತ. ಬೆಲ್‌ಹೇವನ್ ಅಂದರೆ ಒಂದು ಕ್ಷಣ ಸುಮ್ಮನಾಗುತ್ತಿದ್ದರು. ಆಸ್ಪತ್ರೆಯಲ್ಲೇ ಕೆಲಸ ಮಾಡುವ ಒಬ್ಬ ಹುಡುಗಿ ಮಾತ್ರ, "ನಾನೂ ಅಲ್ಲೇ ಇರೋದು" ಎಂದಳು. ವಿಜಯವಾಡದವಳು, ಹಿಂದಿಯಲ್ಲಿ ಮಾತಾಡಿದೆವು. ನೀರಿನ ಒತ್ತಡ, ಬಿಲ್, ಕಾರಿನ ಗಾಜು, ಸಂಜೆ ಯಾವ ಬೀದಿಯಲ್ಲಿ ವಾಕಿಂಗ್ ಹೋಗಬಹುದು ಎಲ್ಲ ಹೇಳಿದಳು. ಅವಳಿಂದ ಸಿಕ್ಕಷ್ಟು ಕೆಲಸಕ್ಕೆ ಬರುವ ಮಾಹಿತಿ ಬೇರೆಲ್ಲೂ ಸಿಗಲಿಲ್ಲ.

ಸೋಮವಾರ

ವಿಮಾನ ಮಧ್ಯಾಹ್ನಕ್ಕೆ. ಮಕ್ಕಳು ಇನ್ನೂ ಮಲಗಿದ್ದರು. ನಾವಿಬ್ಬರೂ ರಾತ್ರಿಯೇ ಸಾಕಷ್ಟು ಮಾತಾಡಿ ಆಗಿತ್ತು. ಬೆಳಿಗ್ಗೆ ಉಳಿದದ್ದು ಲೆಕ್ಕ ಮಾತ್ರ.

ಕೆಲಸ ಒಪ್ಪಿಕೊಳ್ಳುವುದು. ಇದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಮನೆ ಬೆಲ್‌ಹೇವನ್‌ನದ್ದೇ, ಒಂದು ವರ್ಷದ ಬಾಡಿಗೆ ಕರಾರು. ಕೊಳ್ಳುವ ಮಾತು ಈಗ ಇಲ್ಲ, ಆ ಮಣ್ಣಿನ ಮೇಲೆ ಮನೆ ಕೊಳ್ಳುವ ಮುಂಚೆ ಅಡಿಪಾಯ ತಿಳಿದ ಎಂಜಿನಿಯರ್ ನೋಡಬೇಕು. ನಲ್ಲಿ ನೀರಿನ ಸೀಸದ ಪರೀಕ್ಷೆ ಮಾಡಿಸಿ ಫಲಿತಾಂಶ ಕೈಗೆ ಬಂದ ಮೇಲೆಯೇ ಸಹಿ. ಮಗನಿಗೆ ಐದು ತುಂಬುವವರೆಗೆ ಫಿಲ್ಟರ್ ಇದ್ದರೂ ಕ್ಯಾನ್ ನೀರೇ. ಮಗಳಿಗೆ ಆ ಮ್ಯಾಗ್ನೆಟ್ ಶಾಲೆಗೆ ಅರ್ಜಿ. ಮುಂದಿನ ವರ್ಷ ಅವಳು ಮೂರನೇ ಕ್ಲಾಸು, ಅಂದರೆ ಆ ಓದುವ ಪರೀಕ್ಷೆ ಎದುರಿಗೇ ಇದೆ. ಜಾಗ ಸಿಗದಿದ್ದರೆ ಏನು ಅನ್ನುವುದಕ್ಕೆ ನಮ್ಮಲ್ಲಿ ಇನ್ನೂ ಉತ್ತರ ಇಲ್ಲ. ಸಿಗದಿದ್ದರೆ ಮ್ಯಾಡಿಸನ್ ಎಂದಳು ಅವಳು. ಮೊದಲು ಅರ್ಜಿ ಹಾಕೋಣ ಎಂದೆ ನಾನು. ಈ ಒಂದು ವಿಷಯದಲ್ಲಿ ನಮ್ಮಿಬ್ಬರದ್ದು ಒಮ್ಮತ ಇಲ್ಲ, ಇರಲಿ.

ಇದು ತ್ಯಾಗ ಅಂತ ನನಗೆ ಅನ್ನಿಸುವುದಿಲ್ಲ. ನಮಗೆ ಬೇಕಾದಾಗ ಕಾರು ಹತ್ತಿ ಹೋಗುವ ಅನುಕೂಲ ಇದೆ. ನಗರದ ದಕ್ಷಿಣ ಭಾಗದಲ್ಲಿ, ನೀರು ಎಲ್ಲರಿಗಿಂತ ಕೊನೆಗೆ ಬಂದ ಮನೆಗಳಲ್ಲಿ ಇರುವವರಿಗೆ ಅದಿಲ್ಲ. ಆದರೆ ಅವಳ ರೋಗಿಗಳು ಯಾವ ನೀರು ಕುಡಿಯುತ್ತಾರೋ ಅದೇ ಪೈಪಿನ ಬಿಲ್ ನಾವೂ ಕಟ್ಟುತ್ತೇವೆ. ನಮ್ಮ ಮಗಳು ಅವರ ಮೊಮ್ಮಕ್ಕಳ ಪಕ್ಕದಲ್ಲಿ ಕೂರುತ್ತಾಳೆ. ಇದು ನನಗೆ ಬೇಕು. ಹೋದವರೆಲ್ಲ ಕೆಟ್ಟವರಾಗಿ ಈ ಊರು ಸೊರಗಿಲ್ಲ. ಒಬ್ಬೊಬ್ಬರಿಗೂ ಅಕ್ಕ ಹೇಳಿದಂಥ ಸರಿಯಾದ ಕಾರಣವೇ ಇತ್ತು. ಹಾಗಿದ್ದಾಗ ಇರಲು ಬರುವವರೂ ಒಬ್ಬೊಬ್ಬರಾಗಿಯೇ ಬರಬೇಕಲ್ವಾ?

ವಿಮಾನ ನಿಲ್ದಾಣದಿಂದ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವರಿಗೆ ಬೇಜಾರಾಯಿತು ಅಂತ ದನಿಯಲ್ಲೇ ಗೊತ್ತಾಯಿತು. "ಸರಿ. ಜುಲೈನಲ್ಲಿ ಬರೋವಾಗ ಪಾತ್ರೆ ಪಗಡ ಜಾಸ್ತಿ ತರ್ಬೇಡಿ, ನಮ್ಮಲ್ಲಿದೆ" ಎಂದರು. ಆಮೇಲೆ, "ಡ್ರಮ್ ಎರಡಿದೆ, ಅದೂ ತಗೊಂಡು ಹೋಗಿ. ನೀರು ಹೋದ್ರೆ ಯೋಚ್ನೆ ಮಾಡ್ದೆ ಮಕ್ಕಳನ್ನ ಸೀದಾ ಇಲ್ಲಿಗೆ ಕರ್ಕೊಂಡು ಬನ್ನಿ" ಎಂದರು.